ವ್ಯಾನ್ ಮನೆ, ಅಪ್ಡೇಟ್ 3: ಕೊನೆಗೂ ಗಾಡಿ ಯಾವ್ದು ಅಂತ ಫಿಕ್ಸ್ ಆಯ್ತು

ಟ್ರಿಪ್ ಹೋದಾಗ ಒಳಗೇ ಮಲಗೋ ಥರ ಒಂದು ಗಾಡಿ ಮಾಡ್ಕೋಬೇಕು ಅನ್ನೋದು ನನ್ನ ಪ್ಲಾನ್. ಹೋದ್ಸಲ ಬರೆದಾಗ ಯಾವ ಗಾಡಿ ಅಂತ ಮೂರರ ಮಧ್ಯೆ ಸಿಕ್ಕಾಕೊಂಡಿದ್ದೆ. ಸೆಕೆಂಡ್ ಹ್ಯಾಂಡ್ ಫೋರ್ಸ್ ಟ್ರಾವೆಲರ್ ಮಿನಿ ಬಸ್ ತಗೊಂಡು ಒಳಗೆ ನಿಂತ್ಕೊಂಡೇ ಒಗ್ಗರಣೆ ಹಾಕೋ ಥರ ಮಾಡೋದಾ, ಇರೋ ಬೊಲೆರೋ ಹಿಂದೆ ಟ್ರೇಲರ್ ಕಟ್ಟೋದಾ, ಇಲ್ಲಾ ಮಾರುತಿ ಈಕೋನಾ ಅಂತ.

ಟ್ರೇಲರ್ ಮೊದಲು ಔಟ್. ಅದಕ್ಕೆ ಬೇರೆ ರಿಜಿಸ್ಟ್ರೇಷನ್, ಅದು ಬಿಡಿ, ಆಗುಂಬೆಲಿರೋ 14 ಹೇರ್‌ಪಿನ್ ತಿರುವಲ್ಲಿ ಎದುರಿಗೆ ಬಸ್ ಬಂದು ನಾನು ಟ್ರೇಲರ್ ರಿವರ್ಸ್ ತಗೋಬೇಕು ಅಂತ ಕಲ್ಪಿಸ್ಕೊಂಡೇ ಬೆವರು ಬಂತು.

ಟ್ರಾವೆಲರ್ ಆಸೆ ಮಾತ್ರ ಸುಲಭಕ್ಕೆ ಹೋಗ್ಲಿಲ್ಲ. ಆಫೀಸಿಗೆ ಬರೋ ಟ್ರಾವೆಲರ್‌ನ ಟೇಪ್ ಹಿಡಿದು ಅಳೆದು, ಭಾನುವಾರ ಟೆರೇಸ್ ಮೇಲೆ ಸೀಮೆಸುಣ್ಣದಲ್ಲಿ ಅದೇ ಸೈಜಿಗೆ ಗೆರೆ ಎಳೆದೆ, ಪಕ್ಕದಲ್ಲೇ ಈಕೋದು, 3,675 ಮಿಮೀ ಉದ್ದ 1,475 ಅಗಲ. ಅಮ್ಮ ಬಟ್ಟೆ ಒಣಗಾಕಕ್ಕೆ ಬಂದವ್ರು "ಏನೋ ಇದು, ಹೆಣ ಬಿದ್ದಿರೋ ಜಾಗಕ್ಕೆ ಪೊಲೀಸ್ನೋರು ಗೆರೆ ಹಾಕಿದ ಹಾಗೆ" ಅಂದ್ರು. ಈಕೋ ಗೆರೆ ಒಳಗೆ, ಮುಂದಿನ ಸೀಟಿನ ಜಾಗ ಬಿಟ್ಟು, ಚಾಪೆ ಹಾಕಿ ನಾನೂ ನನ್ನ ಹೆಂಡ್ತಿನೂ ಒಂದು ರಾತ್ರಿ ನಿಜವಾಗ್ಲೂ ಮಲಗಿದ್ವಿ. ಈಕೋಲಿ ಸೀದಾ ಕಾಲು ಚಾಚಕ್ಕಾಗಲ್ಲ, ಸ್ವಲ್ಪ ಓರೆಯಾಗಿ ಮಲಗ್ಬೇಕು, ಸೊಳ್ಳೆ ಬಿಟ್ರೆ ನಿದ್ದೆಗೇನೂ ತೊಂದ್ರೆ ಆಗ್ಲಿಲ್ಲ. ಟ್ರಾವೆಲರ್ ಗೆರೆ ಒಳಗೆ ಇನ್ನೊಂದು ಸಂಸಾರ ಮಲಗ್ಬೋದಿತ್ತು, ಆದ್ರೆ ಅದು ನಮ್ಮ ಬೀದಿ ಮೂಲೆಲಿ ತಿರುಗಲ್ಲ, ವಾರದಲ್ಲಿ ಐದು ದಿನ ಅದನ್ನ ಎಲ್ಲಿ ನಿಲ್ಸಲಿ?

ಕೊನೆಗೆ ತೀರ್ಮಾನ ಮಾಡಿದ್ದು ಫೋನ್ ಗ್ಯಾಲರಿ. ಹೋದ್ವರ್ಷದ ಟ್ರಿಪ್ ಫೋಟೋ ಎಲ್ಲಾ ತೆಗೆದು ಎಣಿಸ್ದೆ, 11 ಟ್ರಿಪ್, ಅದ್ರಲ್ಲಿ ಎರಡು ರಾತ್ರಿಗಿಂತ ಜಾಸ್ತಿ ಇದ್ದಿದ್ದು ಎರಡೇ. ಊಟ ಎಲ್ಲಾ ಕಡೆ ಹೋಟೆಲಲ್ಲೇ. ಅಡುಗೆ ಮನೆ ಯಾರಿಗೆ ಕಟ್ತಿದ್ದೆನೋ ನಾನು! ನಮಗೆ ಬೇಕಿರೋದು ಶುಕ್ರವಾರ ಆಫೀಸ್ ಮುಗಿಸ್ಕೊಂಡು ಹೊರಟು ಗುಂಡ್ಲುಪೇಟೆ ಹತ್ರ ಎಲ್ಲಾದ್ರೂ ಬಂಕ್‌ನವ್ರನ್ನ ಕೇಳಿ ನಿಲ್ಸಿ ಮಲಗೋದು ಅಷ್ಟೇ, ಯಾಕಂದ್ರೆ ಬಂಡೀಪುರ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಗೇಟ್ ತೆಗೆದ ತಕ್ಷಣ ಹೊರಟ್ರೆ ತಿಂಡಿಗೆ ಊಟಿ. ಅಷ್ಟಕ್ಕೆ ಈಕೋ ಸಾಕು, ಸ್ಲೈಡಿಂಗ್ ಡೋರ್ ಬೇರೆ ಇದೆ, ಇಕ್ಕಟ್ಟಲ್ಲಿ ನಿಲ್ಸಿದ್ರೂ ಇಳಿಬೋದು. ಓಮ್ನಿ ಯಾಕಲ್ಲ ಅಂತ ಕೇಳ್ಬೇಡಿ, 796 ಸಿಸಿ ಇಂಜಿನ್ನಲ್ಲಿ ಲಗೇಜ್ ತುಂಬ್ಕೊಂಡು ಘಾಟಿ ಹತ್ತೋ ತಾಳ್ಮೆ ನನಗಿಲ್ಲ.

ಕರೆಂಟ್ ಲೆಕ್ಕ: 12 ವೋಲ್ಟಿನ 15 ವ್ಯಾಟ್ ಫ್ಯಾನ್ 8 ಗಂಟೆ ಓಡಿದ್ರೆ 120 ವ್ಯಾಟ್ ಅವರ್, ಲೈಟು ಫೋನು ಸೇರ್ಸಿದ್ರೂ 200 ದಾಟಲ್ಲ. ಮೊದಲು ಫ್ರಿಜ್ ಇರುತ್ತೆ ಅಂತ 100 ಎಎಚ್ (ಆಂಪಿಯರ್ ಅವರ್) ಲಿಥಿಯಂ ಬ್ಯಾಟರಿ ನೋಡಿದ್ದೆ, ಅದು ಹತ್ತತ್ರ 1,280 ವ್ಯಾಟ್ ಅವರ್, ಈಗ ಅದ್ರ ಅರ್ಧಾನೇ ಜಾಸ್ತಿ. ಫ್ರಿಜ್ ಬದ್ಲು ಥರ್ಮಾಕೋಲ್ ಡಬ್ಬ, ಐಸು.

ಒಂದೇ ತಲೆನೋವು ಹಿಂದಿನ ಸೀಟು. ಆರ್‌ಸಿಲಿ ಐದು ಸೀಟ್ ಅಂತ ಇರೋವಾಗ ಬಿಚ್ಚಿ ಮಂಚ ಕೂರಿಸಿದ್ರೆ ಅದು ಆಲ್ಟರೇಷನ್, ಪರ್ಮಿಷನ್ ತಗೊಂಡು ಆರ್‌ಸಿಲಿ ತಿದ್ದಿಸ್ಬೇಕು. ಪ್ಲೈವುಡ್ ಅಂಗಡಿಗೆ ಅಡ್ವಾನ್ಸ್ ಕೊಡಕ್ಕೆ ಹೋಗಿದ್ದೋನು ಹಾಗೇ ವಾಪಸ್ ಬಂದೆ, ಸೋಮವಾರ ಅರ್ಧ ದಿನ ರಜೆ ಹಾಕಿ ಮೊದಲು ಆರ್‌ಟಿಓ ಆಫೀಸಿಗೆ.