ಸೈಟ್ ಅಪ್‌ಗ್ರೇಡ್ ಆಯ್ತು, ಹಳೇ ಬರಹ ಎಲ್ಲಾ ಹಾಗೇ ಇವೆ

ಕೊನೆಗೂ ಸೈಟು ಹೊಸ ವರ್ಡ್‌ಪ್ರೆಸ್ (ಸೈಟ್ ನಡೆಸೋ ಸಾಫ್ಟ್‌ವೇರ್) ಮೇಲೆ ಬಂದು ಕೂತಿದೆ. ನಿನ್ನೆ ರಾತ್ರಿಯಿಂದ ನೀವು ನೋಡ್ತಿರೋದು ಹೊಸದೇ. ಹೊರಗಿಂದ ನೋಡಿದ್ರೆ ಅಕ್ಷರ ಸ್ವಲ್ಪ ದೊಡ್ಡದಾಗಿದೆ, ಮೇಲೆ ಒಂದು ಸರ್ಚ್ ಬಾಕ್ಸ್ ಬಂದಿದೆ, ಅಷ್ಟೇ ಅನ್ಸಬಹುದು, ಆದ್ರೆ ಒಳಗಡೆ ಆಗಿರೋ ಕೆಲಸ ಬಹಳ, ಅದನ್ನ ಇಲ್ಲಿ ಬರೀಲೇಬೇಕು ಅನ್ಸಿದ್ದು ಯಾಕಂದ್ರೆ ನನ್ನ ಥರಾನೇ 2006ರ ಸುಮಾರಿಗೆ ಕನ್ನಡದಲ್ಲಿ ಸೈಟ್ ಶುರು ಮಾಡಿ ಇನ್ನೂ ನಡೆಸ್ಕೊಂಡು ಬರ್ತಿರೋರು ಅಲ್ಲಲ್ಲಿ ಇದ್ದೀರ, ನಿಮಗೂ ಇವತ್ತಲ್ಲ ನಾಳೆ ಇದೇ ಕೆಲಸ ಬಂದೇ ಬರುತ್ತೆ.

ಈಗಲೇ ಯಾಕೆ ಅಂದ್ರೆ, ಹೋಸ್ಟಿಂಗ್‌ನೋರು ಹಳೇ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರೋ ಪ್ರೋಗ್ರಾಮಿಂಗ್ ಭಾಷೆ) ತೆಗೀತೀವಿ ಅಂತ ಮೇಲ್ ಕಳ್ಸಿದ್ರು. ಪಿಎಚ್‌ಪಿ 7.4ಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಬರೋದು 2022ರ ನವೆಂಬರ್‌ನಲ್ಲೇ ನಿಂತಿದೆ, ಹಾಗಾಗಿ ಅವರು ಕೇಳಿದ್ದು ನ್ಯಾಯವಾಗೇ ಇದೆ. 8ಕ್ಕೆ ಹೋದ ತಕ್ಷಣ ಹಳೇ ಪ್ಲಗಿನ್‌ಗಳಲ್ಲಿ (ವರ್ಡ್‌ಪ್ರೆಸ್‌ಗೆ ಸೇರಿಸ್ಕೊಳ್ಳೋ ಪುಟ್ಟ ಪ್ರೋಗ್ರಾಮ್‌ಗಳು) ಕೆಲವು ನಿಂತೇ ಹೋಗ್ತವೆ, ಅವು ಬಳಸ್ತಿದ್ದ ಕ್ರಿಯೇಟ್-ಫಂಕ್ಷನ್ ಅನ್ನೋ ಪಿಎಚ್‌ಪಿ ಸೌಲಭ್ಯಾನೇ 8.0ರಲ್ಲಿ ಕಿತ್ತು ಹಾಕಿದ್ದಾರೆ. ಅಂಥ ಪ್ಲಗಿನ್‌ಗಳನ್ನ ತೆಗೆದು ಹಾಕ್ದೆ, ಅವಿಲ್ದೆ ಏನೂ ಕಮ್ಮಿ ಆಗ್ಲಿಲ್ಲ.

ನಿಜವಾದ ಕೆಲಸ ಇದ್ದಿದ್ದು ಡೇಟಾಬೇಸ್‌ನಲ್ಲಿ, ಅಂದ್ರೆ ಬರಹಗಳೆಲ್ಲ ಕೂತಿರೋ ಜಾಗದಲ್ಲಿ. ಲೈವ್ ಸೈಟ್ ಮುಟ್ಟೋಕೆ ಮುಂಚೆ ಪೂರ್ತಿ ಸೈಟಿನ ಒಂದು ಕಾಪಿನ ಲ್ಯಾಪ್‌ಟಾಪ್‌ಗೆ ಇಳಿಸ್ಕೊಂಡು ಅಲ್ಲೇ ಅಪ್‌ಗ್ರೇಡ್ ಮಾಡಿ ನೋಡ್ದೆ. ತೆರೆದ್ರೆ ಒಂದು ಬರಹದಲ್ಲೂ ಕನ್ನಡ ಇಲ್ಲ. ಸಾಲು ಸಾಲಾಗಿ ತಲೆ ಮೇಲೆ ಓರೆ ಗೆರೆ ಇರೋ ರೋಮನ್ ಎ, ಅದರ ಪಕ್ಕ ಪುಟ್ಟ ಎರಡು ಇಲ್ಲಾ ಪುಟ್ಟ ಮೂರು, ಆಮೇಲೆ ಏನೋ ಒಂದು ಚಿಹ್ನೆ. ಹಳೇ ಕನ್ನಡ ಸೈಟ್ ನಡೆಸಿದೋರಿಗೆ ಈ ದರಿದ್ರದ ಗುರುತು ಚೆನ್ನಾಗೇ ಇರುತ್ತೆ.

ಆಗೋದು ಏನಂದ್ರೆ, ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಚಿಹ್ನೆಯೂ ಮೂರು ಬೈಟ್. ಮೊದಲನೇ ಬೈಟ್ ಎಲ್ಲಕ್ಕೂ ಒಂದೇ, ಅದೇ ಆ ಗೆರೆ ಇರೋ ಎ. ಎರಡನೇದು ಸ್ವರ, ವ್ಯಂಜನಗಳಿಗೆ ಪುಟ್ಟ ಎರಡಾಗಿ ಕಾಣುತ್ತೆ, ಕೊಂಬು, ಏತ್ವ, ಒತ್ತು ಕೊಡೋ ಹಲಂತ ಇವಕ್ಕೆಲ್ಲ ಪುಟ್ಟ ಮೂರು. ಅಂದ್ರೆ ಬರಹ ಎಲ್ಲೂ ಹೋಗಿಲ್ಲ, ಬೈಟ್‌ಗಳು ಸರಿಯಾಗೇ ಇವೆ, ಯಾವ ಬೈಟಿಗೆ ಯಾವ ಅಕ್ಷರ ಅಂತ ಓದೋ ಪಟ್ಟಿ ಮಾತ್ರ ತಪ್ಪು. ವರ್ಡ್‌ಪ್ರೆಸ್ ಬಳಸೋ ಡೇಟಾಬೇಸ್ ಮೈಎಸ್‌ಕ್ಯೂಎಲ್‌ನ ಡೀಫಾಲ್ಟು ಪಟ್ಟಿ 2018ರಲ್ಲಿ 8.0 ಬರೋ ತನಕ ಯುರೋಪಿನ ಅಕ್ಷರಗಳ ಲ್ಯಾಟಿನ್-1 ಆಗಿತ್ತು, ವರ್ಡ್‌ಪ್ರೆಸ್‌ನಲ್ಲಿ ಕ್ಯಾರೆಕ್ಟರ್ ಸೆಟ್ ಯಾವುದು ಅಂತ ಹೇಳೋ ಸೆಟಿಂಗ್ ಬಂದಿದ್ದೇ 2007ರ 2.2ರಲ್ಲಿ. ಅದಕ್ಕೂ ಮುಂಚೆ ಶುರುವಾದ ಸೈಟುಗಳಲ್ಲಿ ಕನ್ನಡ ಎಷ್ಟೋ ಕಡೆ ಲ್ಯಾಟಿನ್ ಅನ್ನೋ ಹೆಸರಿನ ಟೇಬಲ್‌ನಲ್ಲೇ ಕೂತಿರುತ್ತೆ.

ಇದನ್ನ ಸರಿ ಮಾಡೋಕೆ ನೆಟ್‌ನಲ್ಲಿ ಸಿಗೋ ಸುಲಭದ ದಾರಿ ಅಂದ್ರೆ ಡಂಪ್ ಫೈಲ್‌ನ (ಡೇಟಾಬೇಸಿನ ಪೂರ್ತಿ ಕಾಪಿ) ಎಡಿಟರ್‌ನಲ್ಲಿ ತೆಗೆದು ಕನ್ವರ್ಟರ್‌ಗೆ ಪೇಸ್ಟ್ ಮಾಡೋದು. ದಯವಿಟ್ಟು ಮಾಡ್ಬೇಡಿ. ಲ್ಯಾಟಿನ್-1ರ ಥರದ್ದೇ ಆದ ವಿಂಡೋಸ್-1252 ಪಟ್ಟೀಲಿ ಐದು ಜಾಗ ಖಾಲಿ ಇವೆ, ಅವುಗಳಲ್ಲಿ ಎರಡು (ಹೆಕ್ಸ್ ಲೆಕ್ಕದಲ್ಲಿ) 81 ಮತ್ತೆ 8ಡಿ, ಕನ್ನಡದ ಕೊಂಬಿನ ಕೊನೇ ಬೈಟು 81, ಹಲಂತದ್ದು 8ಡಿ. ಖಾಲಿ ಜಾಗದ ಬೈಟನ್ನ ಎಡಿಟರ್ ಬಿಟ್ಟುಬಿಡ್ತು ಅಂದ್ರೆ 'ಊರು' ಹೋಗಿ 'ಊರ' ಆಗುತ್ತೆ, 'ಅಕ್ಕ' ಹೋಗಿ 'ಅಕಕ' ಆಗುತ್ತೆ, ಸಾವಿರಾರು ಸಾಲಲ್ಲಿ ಎಲ್ಲೆಲ್ಲಿ ಏನು ಬಿದ್ದೋಗಿದೆ ಅಂತ ಆಮೇಲೆ ಯಾರೂ ಹುಡುಕೋಕಾಗಲ್ಲ. ಸರಿಯಾದ ದಾರಿ ಡೇಟಾಬೇಸ್ ಒಳಗೇ ಇದೆ: ಕಾಲಮ್ಮನ್ನ ಮೊದ್ಲು ಬ್ಲಾಬ್ ಮಾಡಿ, ಆಗ ಅದು ಬರೀ ಬೈಟ್ ಆಗುತ್ತೆ, ಯಾವ ಭಾಷೆ ಅನ್ನೋ ಲೆಕ್ಕಾನೇ ಇರಲ್ಲ, ಆಮೇಲೆ ಯುಟಿಎಫ್8-ಎಂಬಿ4 (ಮೈಎಸ್‌ಕ್ಯೂಎಲ್‌ನಲ್ಲಿ ಪೂರ್ತಿ ಯುಟಿಎಫ್-8ರ ಹೆಸರು) ಟೆಕ್ಸ್ಟ್ ಅಂತ ವಾಪಸ್ ಮಾಡಿ. ನೇರವಾಗಿ ಕನ್ವರ್ಟ್ ಅಂತ ಹೇಳಿದ್ರೆ ಆ ಕೆಟ್ಟ ಅಕ್ಷರಗಳನ್ನೇ ನಿಜ ಅಂದ್ಕೊಂಡು ಕನ್ವರ್ಟ್ ಮಾಡಿಬಿಡುತ್ತೆ. ನಾನು ಕಾಪಿಯಲ್ಲಿ ಮಾಡಿ, ಬರಹಗಳನ್ನ ಕೂತು ಓದಿ, ಒತ್ತಕ್ಷರ ಜಾಸ್ತಿ ಇರೋ ಪ್ಯಾರಾಗಳನ್ನ ಇನ್ನೊಂದ್ಸಲ ನೋಡಿ ಆಮೇಲೇ ಲೈವ್‌ಗೆ ಕೈ ಹಾಕಿದ್ದು. ಹದಿನೈದಿಪ್ಪತ್ತು ವರ್ಷದ ಹಿಂದಿನ ಕೆರೆ, ಜಾತ್ರೆ, ಅಡುಗೆ ಬರಹಗಳು ಮತ್ತೆ ಕನ್ನಡವಾಗಿ ತೆರೆದುಕೊಂಡಾಗ ಆದ ಖುಷಿ ಇದೆಯಲ್ಲ, ಅದಕ್ಕೋಸ್ಕರಾನೇ ಇಷ್ಟೆಲ್ಲ ಮಾಡಬಹುದು.

ಇನ್ನು ಹೊಸದಾಗಿ ಸೇರಿಸಿರೋದು.

ಲಿಂಕು ಚಿಕ್ಕದಾಗಿವೆ. ಇಷ್ಟು ದಿನ ಶೀರ್ಷಿಕೆಯ ಕನ್ನಡಾನೇ ಲಿಂಕಾಗ್ತಿತ್ತು, ಅಡ್ರೆಸ್ ಬಾರಲ್ಲಿ ನೋಡೋಕೆ ಚಂದ, ಆದ್ರೆ ವಾಟ್ಸಾಪಿಗೆ ಹಾಕಿದ್ರೆ ಪರ್ಸೆಂಟ್ ಚಿಹ್ನೆಗಳ ರಾಶಿ. ಒಂದು ಕನ್ನಡ ಚಿಹ್ನೆ ಲಿಂಕಲ್ಲಿ ಒಂಬತ್ತು ಅಕ್ಷರದ ಜಾಗ ತಿನ್ನುತ್ತೆ, 'ಕನ್ನಡ' ಅನ್ನೋ ಒಂದೇ ಪದಕ್ಕೆ 45. ವರ್ಡ್‌ಪ್ರೆಸ್ ಇಡೀ ಶೀರ್ಷಿಕೆಗೆ ಕೊಡೋದೇ 200. 'ಮಳೆಗಾಲದಲ್ಲಿ ಮಾಡೋ ಹುರುಳಿಕಾಳಿನ ಬಸ್ಸಾರು' ಅಂತ ಬರೆದ್ರೆ ಲಿಂಕು 'ಹುರುಳಿಕ' ಅನ್ನೋವಷ್ಟರಲ್ಲಿ ಮುಗಿದುಹೋಗುತ್ತೆ, ಬಸ್ಸಾರು ಬರೋದೇ ಇಲ್ಲ. ಈಗ ಎಲ್ಲಾ ಬರಹಕ್ಕೂ ಇಂಗ್ಲಿಷ್ ಅಕ್ಷರದ ಪುಟ್ಟ ಲಿಂಕ್ ಕೊಟ್ಟಿದ್ದೀನಿ. ಲಿಂಕಲ್ಲಿ ಕನ್ನಡ ಇರಬೇಕು ಅನ್ನೋ ಆಸೆ ನನಗೂ ಇದೆ, ಆದ್ರೆ ಅಮ್ಮಂದಿರು ವಾಟ್ಸಾಪಲ್ಲಿ ಫಾರ್ವರ್ಡ್ ಮಾಡಿದ್ದು ತೆರೆಯೋದು ಅದಕ್ಕಿಂತ ಮುಖ್ಯ. ಹಳೇ ಲಿಂಕ್ ಒತ್ತಿದ್ರೂ 301 ರೀಡೈರೆಕ್ಟ್ ಆಗಿ ಸರಿಯಾದ ಜಾಗಕ್ಕೇ ಬರ್ತೀರ, ಯಾರೋ ಎಂದೋ ತಮ್ಮ ಬರಹದಲ್ಲಿ ಕೊಟ್ಟಿರೋ ಕೊಂಡಿ ಕಡಿಯೋದು ನನಗೆ ಯಾವತ್ತೂ ಸರಿ ಕಾಣಲ್ಲ.

ಸರ್ಚ್ ಬಗ್ಗೆ ಹೇಳ್ಲೇಬೇಕು, ನನಗೆ ಇದರಲ್ಲೇ ಜಾಸ್ತಿ ಆಸಕ್ತಿ. ವರ್ಡ್‌ಪ್ರೆಸ್‌ನ ಸರ್ಚು ನೀವು ಟೈಪ್ ಮಾಡಿದ ಅಕ್ಷರಗಳು ಹಾಗ್ಹಾಗೇ ಇದ್ಯಾ ಅಂತ ಮಾತ್ರ ನೋಡುತ್ತೆ. ಕನ್ನಡದಲ್ಲಿ ಅದು ಸಾಲಲ್ಲ. 'ತುಮಕೂರು' ಅಂತ ಹುಡುಕಿದ್ರೆ 'ತುಮಕೂರಿನ', 'ತುಮಕೂರಿಗೆ', 'ತುಮಕೂರಲ್ಲಿ' ಯಾವುದೂ ಸಿಗಲ್ಲ, ಕೊನೇ ಕೊಂಬು ಅಲ್ಲಿ ಇರಲ್ಲವಲ್ಲ. ಅದಕ್ಕೆ ಒಂದು ಸಣ್ಣ ಕೋಡ್ ಬರೆದು, ಪದ ಕೊಂಬಿನಲ್ಲಿ ಮುಗಿದ್ರೆ ಆ ಕೊಂಬು ತೆಗೆದು ಹುಡುಕೋ ಹಾಗೆ ಮಾಡಿದ್ದೀನಿ, ಈಗ ಎಲ್ಲಾ ವಿಭಕ್ತಿಯಲ್ಲೂ ಊರು ಸಿಗುತ್ತೆ. 'ಕಾಡು' ಅಂತ ಹುಡುಕಿದ್ರೆ ಕಣ್ಣಿಗೆ ಹಚ್ಚೋ ಕಾಡಿಗೆಯ ಬರಹಾನೂ ಬರುತ್ತೆ, ಅದು ಬರ್ಲಿ ಬಿಡಿ, ಸಿಗದೇ ಇರೋದಕ್ಕಿಂತ ಒಂದೆರಡು ಜಾಸ್ತಿ ಸಿಗೋದು ವಾಸಿ. ಇನ್ನೊಂದು, 'ರಾಜ್‌ಕುಮಾರ್' ಥರದ ಪದಗಳಲ್ಲಿ ಜ್ ಮತ್ತೆ ಕು ಒಂದರ ಕೆಳಗೊಂದು ಕೂರದ ಹಾಗೆ ನಡುವೆ ಕಾಣದ ಒಂದು ಚಿಹ್ನೆ ಇರುತ್ತೆ, ಫೋನಲ್ಲಿ ಎಷ್ಟೋ ಜನ ಅದಿಲ್ದೇ ಟೈಪ್ ಮಾಡ್ತಾರೆ. ಈಗ ಹುಡುಕೋವಾಗ ಎರಡೂ ಕಡೆ ಆ ಚಿಹ್ನೆನ ಲೆಕ್ಕಕ್ಕೇ ತಗೊಳಲ್ಲ.

ಫಾಂಟು ನೋಟೋ ಸೆರಿಫ್ ಕನ್ನಡ, ನಮ್ಮ ಸರ್ವರ್‌ನಿಂದಲೇ ಬರುತ್ತೆ. ಇಂಗ್ಲಿಷಿಗೆ ಅಂತ ಮಾಡಿದ ಥೀಮ್‌ಗಳಲ್ಲಿ ಸಾಲಿನ ಅಂತರ ಕಮ್ಮಿ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗ್ತಿತ್ತು, ಅದನ್ನ ಅಕ್ಷರದ ಅಳತೆಯ 1.8 ಪಟ್ಟಿಗೆ ಏರಿಸಿದ್ದೀನಿ. ಪ್ಯಾರಾದ ಮೊದಲ ಅಕ್ಷರ ದೊಡ್ಡದಾಗಿ ತೋರಿಸೋ ಅಲಂಕಾರ ತೆಗೆದೆ, 'ಸ್ನೇಹ' ಅಂತ ಶುರುವಾದ್ರೆ ಸಕಾರ ಒಂದು ಕಡೆ, ಅದರ ಒತ್ತು ಇನ್ನೊಂದು ಕಡೆ ಆಗ್ತಿತ್ತು. ಫೋನು ಡಾರ್ಕ್ ಮೋಡಲ್ಲಿದ್ರೆ ಸೈಟೂ ಕಪ್ಪಾಗುತ್ತೆ.

ಬಾಕಿ ಇರೋ ಕೆಲಸ ಒಂದಿದೆ. ಮೊದಲ ವರ್ಷಗಳಲ್ಲಿ ಬೇರೆಯವರು ಕಳ್ಸಿದ ಕೆಲವು ಬರಹಗಳು ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಿಂದ ಯುನಿಕೋಡ್‌ಗೆ ಬಂದವು, ಅವುಗಳಲ್ಲಿ ಅರ್ಕಾವತ್ತಿನ ಜಾಗದಲ್ಲಿ ಕನ್ನಡ ಅಂಕಿ ಒಂಬತ್ತು ಕೂತಿದೆ, 'ಸೂಯ೯' ಅಂತ. ಕಣ್ಣಿಗೆ ಸರಿಯಾಗೇ ಕಾಣುತ್ತೆ, ಆದ್ರೆ ಸೂರ್ಯ ಅಂತ ಹುಡುಕಿದ್ರೆ ಸಿಗಲ್ಲ, ಸ್ಕ್ರೀನ್ ರೀಡರ್ ಬಳಸೋರಿಗೂ ತಪ್ಪಾಗಿ ಕೇಳುತ್ತೆ. ಒಂದೇ ಏಟಿಗೆ ಬದಲಾಯಿಸೋಕಾಗಲ್ಲ, ನಿಜವಾದ ಒಂಬತ್ತುಗಳೂ ಇವೆಯಲ್ಲ, ಹಾಗಾಗಿ ಒಂದೊಂದೇ ಓದಿ ತಿದ್ದುತಿದ್ದೀನಿ. ನಿಮ್ಮ ಕಣ್ಣಿಗೆ ಅಂಥದ್ದು ಬಿದ್ರೆ, ಇಲ್ಲಾ ಯಾವುದಾದ್ರೂ ಹಳೇ ಲಿಂಕ್ ತೆರೀದೇ ಹೋದ್ರೆ, ಬರಹದ ಹೆಸರು ಹಾಕಿ ಒಂದು ಮೇಲ್ ಮಾಡಿ. ಹೊಸ ಬರಹ ತಲುಪಿಸೋ ಫೀಡ್‌ನ ಅಡ್ರೆಸ್ ಬದಲಾಗಿಲ್ಲ, ಫೀಡ್ ರೀಡರ್‌ನಲ್ಲಿ ಏನೂ ಬದಲಾಯಿಸ್ಬೇಕಾಗಿಲ್ಲ, ಇನ್ಮೇಲೆ ಅದರಲ್ಲಿ ಪೂರ್ತಿ ಬರಹಾನೇ ಬರುತ್ತೆ.