ನೀರು ಬಂತೇನು?

ಜುಲೈ ತಿಂಗಳಲ್ಲಿ ಟೀವಿಯವರು ‘ಬದ್ಲಾಪುರ’ ಅಂತ ಒಂದು ಸಲ ಅಂದರೆ ಸಾಕು, ನನ್ನ ಫೋನು ಬಡಕೊಳ್ಳಲು ಶುರು. ಅಫಜಲಪುರ ತಾಲೂಕಿನ ಹಳ್ಳಿಯಿಂದ ಅವ್ವ, ಕಲಬುರಗಿಯಿಂದ ಚಿಕ್ಕವ್ವ, ಸೊಲ್ಲಾಪುರದಿಂದ ನಾದಿನಿ, ಬೋರಿವಲಿಯಿಂದ ಉಡುಪಿ ಕಡೆಯ ಗೆಳತಿ. ಎಲ್ಲರದೂ ಮೊದಲ ಮಾತು ಒಂದೇ: “ನೀರು ಬಂತೇನು?” ಎರಡನೆಯದೂ ಹೆಚ್ಚುಕಡಿಮೆ ಒಂದೇ: “ಹೊಳಿ ದಂಡಿಗೆ ಯಾಕರ ಮನಿ ಮಾಡೀರಿ? ಅಂಜಿಕಿ ಬರಂಗಿಲ್ಲೇನು? ಮಾರಿ ಬ್ಯಾರೆ ಕಡೆ ಹೋಗ್ರಿ.”

ಫೋನಿನಲ್ಲಿ ಇದಕ್ಕೆ ಉತ್ತರ ಹೇಳುವುದಾಗುವುದಿಲ್ಲ. ಆ ಹೊತ್ತಿಗೆ ಕೆಳಗೆ ಗಾಡಿ ಎತ್ತಿಡುವ ಗಡಿಬಿಡಿ ಇರುತ್ತದೆ. ಈಗ ಬೇಸಿಗೆ, ಹೊಳೆ ಶಾಂತವಾಗಿದೆ, ಕೂತು ಬರೆಯುತ್ತೇನೆ.

ನಾವಿರುವುದು ಬದ್ಲಾಪುರದ ಪಶ್ಚಿಮ ಬದಿಯಲ್ಲಿ. ಮುಂಬಯಿ ಸಿಎಸ್‌ಎಮ್‌ಟಿಯಿಂದ ಕರ್ಜತ್ ಲೈನಿನಲ್ಲಿ 68 ಕಿಲೋಮೀಟರ್. ಸ್ಟೇಷನ್ನಿನಿಂದ ಶೇರ್ ರಿಕ್ಷಾ ಹಿಡಿದರೆ ಉಲ್ಹಾಸ್ ನದಿಯ ಕಡೆಗೆ ಇಳಿಯುವ ರಸ್ತೆ. ನಾಲ್ಕನೇ ಮಾಳಿಗೆ, ಅಡುಗೆಮನೆ ಕಿಟಕಿಯಿಂದ ಹೊಳೆ ಕಾಣುತ್ತದೆ. 2012ರಲ್ಲಿ ಡೊಂಬಿವಲಿಯವರು ಒಂದು ಬಿಎಚ್‌ಕೆಗೆ ಕೇಳುತ್ತಿದ್ದ ದುಡ್ಡಿಗೆ ಇಲ್ಲಿ ಎರಡು ಬಿಎಚ್‌ಕೆ ಸಿಕ್ಕಿತು. ‘ಯಾಕೆ ಮನೆ ಮಾಡಿದಿರಿ’ ಅನ್ನುವುದಕ್ಕೆ ಸರಳ ಉತ್ತರ ಇದು, ಮುಂಬಯಿಯವರು ಇಷ್ಟಕ್ಕೇ ಒಪ್ಪುತ್ತಾರೆ. 2001ರ ಜನಗಣತಿಯಲ್ಲಿ ಒಂದು ಲಕ್ಷದ ಒಳಗಿದ್ದ ಕುಳಗಾಂವ್-ಬದ್ಲಾಪುರ 2011ಕ್ಕೆ 1.74 ಲಕ್ಷ ದಾಟಿತ್ತು. ಹೀಗೆ ಬಂದವರಲ್ಲಿ ಹೆಚ್ಚಿನವರ ಲೆಕ್ಕಾಚಾರ ನಮ್ಮದೇ.

ಊರಿನವರು ಒಪ್ಪುವುದಿಲ್ಲ. ಯಾಕೆಂದರೆ ಹೊಳೆ ಅಂದರೆ ಏನು ಅಂತ ಅವರಿಗೆ ಗೊತ್ತು.

ಆದರೆ ಅವರಿಗೆ ಗೊತ್ತಿರುವುದು ಭೀಮೆ. ಭೀಮಾನದಿಯ ಮಹಾಪೂರ ಹೇಳಿ ಬರುತ್ತದೆ. ಉಜನಿ ಅಣೆಕಟ್ಟಿನಿಂದ ಇಷ್ಟು ಕ್ಯೂಸೆಕ್ ಬಿಟ್ಟರು, ಪಂಢರಪುರದಲ್ಲಿ ಇಷ್ಟು ಏರಿತು, ನಾಳೆ ನಮ್ಮಲ್ಲಿ ಅಂತ ಸುದ್ದಿ ಮುಂದೆ, ನೀರು ಹಿಂದೆ. ಡಂಗುರ ಸಾರಿ ದನಕರು ಹೊಡಕೊಂಡು ಹೋಗಲು ಹೊತ್ತಿರುತ್ತದೆ. ಉಲ್ಹಾಸ್ ಹಾಗಲ್ಲ. ಖಂಡಾಳಾ-ರಾಜಮಾಚಿ ಕಡೆಯ ಘಟ್ಟದಲ್ಲಿ ಹುಟ್ಟಿ, ಕಡಿದಾಗಿ ಇಳಿದು, ಕರ್ಜತ್, ನೇರಳ್ ದಾಟಿ ನಮ್ಮಲ್ಲಿಗೆ ಬರುತ್ತದೆ. ಘಟ್ಟದ ಮೇಲೆ ಮಧ್ಯರಾತ್ರಿ ಸುರಿದದ್ದು ಬೆಳಗಾಗುವುದರೊಳಗೆ ಬಾಗಿಲಿಗೆ. ಹಾಗಾಗಿ ಇಲ್ಲಿ ಹಳಬರು ತಮ್ಮ ತಲೆಮೇಲಿನ ಮೋಡ ನೋಡುವುದಿಲ್ಲ. ಮಾಥೇರಾನ್ ಗುಡ್ಡ ನೋಡುತ್ತಾರೆ. ಬದ್ಲಾಪುರದಲ್ಲಿ ಬಿಸಿಲಿದ್ದು ಮಾಥೇರಾನ್ ಎರಡು ದಿನ ಕಾಣದೆ ಹೋದರೆ, ಗಾಡಿ ಎತ್ತರಕ್ಕೆ ಹೋಗುತ್ತದೆ. ನೀರಿನ ಮಟ್ಟ 16.50 ಮೀಟರ್ ಆದರೆ ಎಚ್ಚರಿಕೆ, 17.50 ಆದರೆ ಅಪಾಯ. ಮಳೆಗಾಲದ ರಾತ್ರಿ ಈ ಅಂಕಿ ವಾಟ್ಸಾಪಿನಲ್ಲಿ ಗಂಟೆಗೊಮ್ಮೆ ಬರುತ್ತದೆ, ನಮ್ಮ ಸೊಸೈಟಿಯ ಹುಡುಗರು ಕ್ರಿಕೆಟ್ ಸ್ಕೋರಿನ ಹಾಗೆ ಜಿನ್ನೆ, ಅಂದರೆ ಮೆಟ್ಟಿಲ ಮೇಲೆ ಕೂತು ಕೂಗಿ ಹೇಳುತ್ತಾರೆ.

ಇಷ್ಟೆಲ್ಲ ಗೊತ್ತಾದದ್ದು 2019ರ ನಂತರ. ಅದಕ್ಕೆ ಮೊದಲು ನಮಗೂ ಏನೂ ಗೊತ್ತಿರಲಿಲ್ಲ. 2005ರ ಜುಲೈ 26ರ ಮಳೆಯ ಕಥೆ ಕೇಳಿದ್ದೆವು. ಅವತ್ತು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಿತ್ತಲ್ಲ, ಬದ್ಲಾಪುರವೂ ಮುಳುಗಿತ್ತು. ಅದು ಜನ್ಮಕ್ಕೊಂದು ಸಲದ ಮಾತು ಅಂತ ಫ್ಲ್ಯಾಟ್ ಮಾರಿದವನು ಹೇಳಿದ್ದ, ನಾವು ನಂಬಿದ್ದೆವು.

2019ರ ಜುಲೈ 26, ಶುಕ್ರವಾರ. ಆಫೀಸು ಮುಗಿಸಿ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಬಂದು ಮನೆ ಮುಟ್ಟಿದಾಗ ಮಳೆ ಜೋರಿತ್ತು, ಅಷ್ಟೇ. ರಾತ್ರಿ ಎರಡರ ಸುಮಾರಿಗೆ ವಾಚ್‌ಮನ್ ಸೀಟಿ ಊದತೊಡಗಿದ. ನೀರು ಹೊಳೆ ಕಡೆಯಿಂದ ಬರುತ್ತದೆ ಅಂದುಕೊಂಡು ಎಲ್ಲರೂ ಆ ಕಡೆ ಟಾರ್ಚ್ ಬಿಟ್ಟೆವು. ಬಂದದ್ದು ಬೆನ್ನ ಹಿಂದಿನಿಂದ, ಗಟಾರದ ಬಾಯಿಂದ! ಹೊಳೆ ತುಂಬಿದಾಗ ನಾಲೆಯ ನೀರಿಗೆ ಹೋಗಲು ದಾರಿ ಇರುವುದಿಲ್ಲ, ಅದು ತಿರುಗಿ ಊರೊಳಕ್ಕೆ ಬರುತ್ತದೆ. ಹೊಳೆ ಆಮೇಲೆ ಬಂತು. ಅದು ಬರುವಾಗ ಸದ್ದೇ ಇರಲಿಲ್ಲ. ಬೈಕುಗಳ ಸೀಟು ಮುಳುಗಿದಾಗಲೂ ಸದ್ದಿಲ್ಲ. ನಾಯಿಗಳು ಮಾತ್ರ ಜಿನ್ನೆ ಹತ್ತಿ ನಮ್ಮ ಜೊತೆ ಸುಮ್ಮನೆ ನಿಂತಿದ್ದವು.

ತಳ ಅಂತಸ್ತಿನ ಎರಡು ಸಂಸಾರಗಳು ನಮ್ಮ ಹಾಲಿಗೆ ಬಂದವು. ಒಟ್ಟು ಹನ್ನೊಂದು ಜನ, ಒಂದು ಕೈಗೂಸು. ಕರೆಂಟು ಹೋಗಿತ್ತು. ಸುತ್ತ ಕಣ್ಣು ಹಾಯಿಸಿದಷ್ಟು ನೀರು, ಕುಡಿಯಲು ಮಾತ್ರ ಎರಡು ಕೊಡ, ಯಾಕೆಂದರೆ ಕಟ್ಟಡದ ನೆಲಟಾಕಿಗೆ ಹೊಳೆ ಹೊಕ್ಕಿತ್ತು. ಪುಣ್ಯಕ್ಕೆ ಸಿಲಿಂಡರ್ ತುಂಬಿತ್ತು, ಡಬ್ಬಿಯಲ್ಲಿ ಮಾಲದಂಡಿ ಜೋಳದ ಹಿಟ್ಟಿತ್ತು. ಮೇಣದಬತ್ತಿಯ ಬೆಳಕಿನಲ್ಲಿ ರೊಟ್ಟಿ ಬಡಿದೆ. ತಳ ಅಂತಸ್ತಿನ ಮರಾಠಿ ಅಜ್ಜಿ “ಭಾಕರಿ ಚಾಂಗಲೀ ಝಾಲೀ” ಅಂತ ಮೆಚ್ಚಿ, ಆಮೇಲೆ ಕೆಳಗೆ ಬಿಟ್ಟು ಬಂದ ಫ್ರಿಜ್ಜು ನೆನೆಸಿಕೊಂಡು ಅತ್ತಳು.

ಬೆಳಿಗ್ಗೆ ಗೊತ್ತಾಯಿತು, ನಮ್ಮದು ಸಣ್ಣ ಸುದ್ದಿ ಅಂತ. ಮುಂಬಯಿಯಿಂದ ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ-ವಾಂಗಣಿ ನಡುವೆ ನೀರಿನಲ್ಲಿ ನಿಂತುಬಿಟ್ಟಿತ್ತು. ಸುಮಾರು 1,050 ಪ್ರಯಾಣಿಕರು. ಎನ್‌ಡಿಆರ್‌ಎಫ್, ನೌಕಾಪಡೆಯವರು ಬಂದು ದೋಣಿಯಲ್ಲಿ ಎಲ್ಲರನ್ನೂ ಹೊರತಂದರು. ಊರಿನಿಂದ ಬಂದ ಫೋನುಗಳೆಲ್ಲ ಆ ರೈಲನ್ನು ಟೀವಿಯಲ್ಲಿ ನೋಡಿ ಬಂದವು. “ನೀ ಆ ಗಾಡ್ಯಾಗ ಇದ್ದಿ ಏನವ್ವಾ?” ಅಂತ ಅವ್ವನ ಗಂಟಲು ಕಟ್ಟಿತ್ತು. ಮನೆಯಲ್ಲಿದ್ದೇನೆ ಅಂದಾಗ ಸಮಾಧಾನ ಆಗುವ ಬದಲು ಸಿಟ್ಟು ಬಂತು ಅವಳಿಗೆ.

ನೀರು ಇಳಿಯುವುದಕ್ಕಿಂತ ಕೆಸರು ಬಳಿಯುವುದು ಕಷ್ಟ. ಭೀಮೆಯ ಮಣ್ಣು ಹೊಲಕ್ಕೆ ಬಿದ್ದರೆ ಗೊಬ್ಬರ. ಇಲ್ಲಿನ ಕೆಸರಿನಲ್ಲಿ ಡೀಸೆಲ್ಲು, ಗಟಾರ, ಪ್ಲಾಸ್ಟಿಕ್ಕು. ವಾರಗಟ್ಟಲೆ ಜಿನ್ನೆ ನಾರಿತು. ಆಮೇಲೆ ಸೊಸೈಟಿ ಮೀಟಿಂಗಿನಲ್ಲಿ ಎಂದೂ ಒಂದಾಗದವರು ಒಂದಾದರು: ಮೀಟರ್ ರೂಮು ಮೊದಲ ಮಾಳಿಗೆಗೆ ಹೋಯಿತು, ನೆಲಟಾಕಿಯ ಬಾಯಿ ಆಳೆತ್ತರ ಏರಿತು, ಮಳೆಗಾಲದಲ್ಲಿ ಲಿಫ್ಟನ್ನು ರಾತ್ರಿ ಮೇಲೆಯೇ ನಿಲ್ಲಿಸುವ ರೂಢಿ ಬಂತು. 2021ರ ಜುಲೈನಲ್ಲಿ ಮತ್ತೆ ನೀರು ಬಂದಾಗ ನಮಗೆ ನಷ್ಟವಾದದ್ದು ಎರಡು ಕುಂಡ, ಒಂದು ಸೈಕಲ್ಲು. ತಳ ಅಂತಸ್ತಿನವರಿಗೆ ಹಾಗಲ್ಲ. ಅವರು ಮತ್ತೆ ಎಲ್ಲ ಹೊತ್ತು ಮೇಲೆ ಬಂದರು. ಹಾಗಾಗಿ ‘ಅಂಜಿಕಿ ಬರಂಗಿಲ್ಲೇನು’ ಅನ್ನುವುದಕ್ಕೆ ನಾಲ್ಕನೇ ಮಾಳಿಗೆಯಿಂದ ನಾನು ಕೊಡುವ ಉತ್ತರವನ್ನು ಪೂರಾ ನಂಬಬೇಡಿ. ಮೇಲಿದ್ದವರ ಧೈರ್ಯ ಅದು.

ಇಲ್ಲಿ ಮನೆ ನೋಡುವವರಿಗೆ ಒಂದು ಮಾತು. ಬ್ರೋಷರಿನಲ್ಲಿ ‘ರಿವರ್ ವ್ಯೂ’ ಅಂತ ಬರೆದಿರುತ್ತಾರೆ, ಅದನ್ನು ಬಿಟ್ಟು ‘ಪೂರರೇಷಾ’ ಕೇಳಿ. ಮಹಾರಾಷ್ಟ್ರದ ಜಲಸಂಪನ್ಮೂಲ ಇಲಾಖೆ ಹೊಳೆಗಳ ಪಕ್ಕ ಎರಡು ಗೆರೆ ಎಳೆಯುತ್ತದೆ. 25 ವರ್ಷಕ್ಕೊಮ್ಮೆ ಬರಬಹುದಾದ ಪೂರ ಮುಟ್ಟುವಲ್ಲಿ ನೀಲಿ ಗೆರೆ, 100 ವರ್ಷಕ್ಕೊಮ್ಮೆಯದಕ್ಕೆ ಕೆಂಪು. ನೀಲಿಯ ಒಳಗೆ ಕಟ್ಟುವ ಹಾಗಿಲ್ಲ, ನೀಲಿ-ಕೆಂಪಿನ ನಡುವೆ ಷರತ್ತಿನ ಮೇಲೆ ಕಟ್ಟಬಹುದು. ನಮ್ಮದು ನಡುವಿನದು. ಕೊಳ್ಳುವಾಗ ಈ ಮಾತು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಕಾಶೆ ಓದಲು ಬಾರದಿದ್ದರೆ ಇನ್ನೊಂದು ದಾರಿ ಇದೆ: ಹಳೇ ಊರು ಎಲ್ಲಿದೆ ನೋಡಿ. ನಮ್ಮ ಪಕ್ಕದ ಗಾವಠಾಣ, ಅಂದರೆ ಆಗ್ರಿ ಜನರ ಹಳೇ ಓಣಿ, ದಿಬ್ಬದ ಮೇಲಿದೆ. ಅಲ್ಲಿನ ಒಬ್ಬ ಅಜ್ಜ ನನಗೆ ಹೇಳಿದ್ದು: ನೀವಿರುವುದು ನಮ್ಮ ಭತ್ತದ ಗದ್ದೆ. ಗದ್ದೆಗೆ ನೀರು ಬರದೆ ಇನ್ನೆಲ್ಲಿಗೆ ಬರಬೇಕು?

ಇಷ್ಟಾದರೂ ಮಾರಿ ಯಾಕೆ ಹೋಗುವುದಿಲ್ಲ?

ವರ್ಷದಲ್ಲಿ ಹೊಳೆ ಕಾಡುವುದು ಎರಡೋ ಮೂರೋ ರಾತ್ರಿ. ಲೋಕಲ್ ಟ್ರೇನ್ ಕಾಡುವುದು ಆರುದಿನದ ವಾರಕ್ಕೆ ಆರೂ ದಿನ. ಕರ್ಜತ್‌ನಿಂದ ಬರುವ ಗಾಡಿ ನಮ್ಮಲ್ಲಿಗೆ ಬರುವಾಗಲೇ ಬಾಗಿಲಲ್ಲಿ ಜೋತಾಡುವಷ್ಟು ತುಂಬಿರುತ್ತದೆ. ‘ನಿನಗೆ ಟ್ರೇನಿನ ಅಂಜಿಕಿ ಬರಂಗಿಲ್ಲೇನು’ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ, ಕೇಳಬೇಕಾದದ್ದು ಅದು. ಅಂಥ ದಿನ ಮುಗಿಸಿ ಬಂದು ಕಿಟಕಿ ತೆಗೆದರೆ ಆಚೆ ದಂಡೆಯ ಮರದಲ್ಲಿ ಬೆಳ್ಳಕ್ಕಿಗಳು ಕೂತಿರುತ್ತವೆ. ಜೂನ್ ಮೊದಲಿಗೆ ಸ್ಟೇಷನ್ ಹೊರಗೆ ಆದಿವಾಸಿ ಹೆಣ್ಣುಮಕ್ಕಳು ಎಲೆಯಲ್ಲಿ ಕಟ್ಟಿದ ಬದ್ಲಾಪುರದ ನೇರಳೆಹಣ್ಣು ಮಾರುತ್ತಾರೆ. ಹೊಳೆ ಚೆಂದವೇ ಇದೆ ಅಂತಲೂ ಹೇಳಲಾರೆ, ಬೇಸಿಗೆಯಲ್ಲಿ ಜಲಪರ್ಣಿ ಅನ್ನುವ ತೇಲುವ ಕಳೆ ಹಬ್ಬಿ ಹಸಿರು ಚಾಪೆ ಹಾಸಿದ ಹಾಗಿರುತ್ತದೆ, ಕಾಲಿಳಿಸಲು ಮನಸ್ಸಾಗುವುದಿಲ್ಲ.

ಆದರೆ ಮೇ ತಿಂಗಳಲ್ಲೂ ಅದು ಹರಿಯುತ್ತದೆ. ನನಗೆ ಅದು ದೊಡ್ಡ ಮಾತು. ನಮ್ಮೂರಲ್ಲಿ ‘ನೀರು ಬಂತೇನು’ ಅನ್ನುವುದು ಏಪ್ರಿಲ್‌ನ ಪ್ರಶ್ನೆ. ಭೀಮೆ ಬತ್ತಿ, ಮರಳು ಬಿಸಿಯೇರಿ, ಸೊನ್ನ ಬ್ಯಾರೇಜಿನಲ್ಲಿ ತಳ ಕಾಣುವಾಗ, ಉಜನಿಯಿಂದ ಬಿಡುತ್ತಾರಂತೆ, ಬಿಟ್ಟರಂತೆ, ಬಂತೇನು ಅಂತ ಕೇಳುತ್ತ ಕೂರುವುದು. ಅಲ್ಲಿ ಹೊಳೆ ಬರುವುದಕ್ಕಿಂತ ಬಾರದಿರುವುದಕ್ಕೆ ಹೆಚ್ಚು ಅಂಜಿ ಬೆಳೆದವಳು ನಾನು. 2020ರ ಅಕ್ಟೋಬರ್‌ನಲ್ಲಿ ಮಾತ್ರ ಭೀಮೆ ಉಕ್ಕಿ ಅಫಜಲಪುರದ ಹಳ್ಳಿಗಳಿಗೆ ನುಗ್ಗಿತು. ಅವತ್ತು ಫೋನು ಮಾಡಿ ‘ನೀರು ಬಂತೇನು’ ಅಂತ ಕೇಳುವ ಸರದಿ ನನ್ನದಾಯಿತು. ಹೊಳಿ ದಂಡಿಗೆ ಯಾಕ ಮನಿ ಮಾಡೀರಿ ಅಂತ ಕೇಳಲಿಲ್ಲ, ನಾಲಿಗೆ ತುದಿಗೆ ಬಂದಿತ್ತು.

ಉಲ್ಹಾಸ್ ಮೇ ತಿಂಗಳಲ್ಲಿ ಯಾಕೆ ಹರಿಯುತ್ತದೆ ಅನ್ನುವುದು ತಿಳಿದದ್ದು ಎಷ್ಟೋ ವರ್ಷದ ಮೇಲೆ, ಟ್ರೇನಿನಲ್ಲಿ ಪಕ್ಕ ಕೂತ ಭಿವಪುರಿಯ ಮಾಸ್ತರಣಿಯಿಂದ. ಘಟ್ಟದ ಮೇಲೆ ಮಾವಳ ಸೀಮೆಯಲ್ಲಿ ಆಂಧ್ರಾ ಅಂತ ಒಂದು ಹೊಳೆ ಇದೆ. ಅದರ ಪಾಡಿಗೆ ಬಿಟ್ಟರೆ ಇಂದ್ರಾಯಣಿಗೆ ಸೇರಿ, ದೇಹು, ಆಳಂದಿಯ ದಾರಿಯಲ್ಲಿ ಹರಿದು, ತುಳಾಪುರದ ಹತ್ತಿರ ಭೀಮೆಗೆ ಬೀಳುವ ನೀರು. ಅದಕ್ಕೆ ಠೋಕರವಾಡಿಯಲ್ಲಿ ಅಡ್ಡಕಟ್ಟೆ ಹಾಕಿ, ನೀರನ್ನು ಕೊಳವೆಯಲ್ಲಿ ಘಟ್ಟದ ಕೆಳಕ್ಕೆ ಇಳಿಸಿ ಭಿವಪುರಿಯಲ್ಲಿ ವಿದ್ಯುತ್ ತೆಗೆಯುತ್ತಾರೆ, 1922ರಿಂದ. ಚಕ್ರ ತಿರುಗಿಸಿ ಹೊರಬಿದ್ದ ನೀರು ಉಲ್ಹಾಸಿಗೆ ಸೇರುತ್ತದೆ. ಕಲ್ಯಾಣ, ಡೊಂಬಿವಲಿ, ಉಲ್ಹಾಸನಗರಗಳ ನಲ್ಲಿಯಲ್ಲಿ ಬೇಸಿಗೆಯಲ್ಲೂ ಬರುವುದು ಈ ಹೊಳೆಯ ನೀರೇ. ಅಂದರೆ ಪಂಢರಪುರ ದಾಟಿ, ಗಾಣಗಾಪುರದ ಸಂಗಮ ಮುಟ್ಟಿ, ನಮ್ಮೂರ ಕಟ್ಟೆ ಸವರಿಕೊಂಡು ಕೃಷ್ಣೆಗೆ ಹೋಗಬೇಕಾದ ನೀರಿನ ಒಂದು ಪಾಲು ನೂರು ವರ್ಷದಿಂದ ನನ್ನ ಅಡುಗೆಮನೆ ಕಿಟಕಿಯ ಕೆಳಗೆ ಹೋಗುತ್ತಿದೆ.

ಕಳೆದ ಬೇಸಿಗೆಯಲ್ಲಿ ಅವ್ವ ಬಂದಿದ್ದಳು. ಕಲಬುರಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಅದು ಸಂಜೆ ನಮ್ಮ ಮನೆ ಮುಂದೆಯೇ ಹಾದು, ನಿಲ್ಲದೆ ಕಲ್ಯಾಣಕ್ಕೆ ಹೋಗುತ್ತದೆ. ಅಲ್ಲಿಳಿದು ಲೋಕಲ್‌ನಲ್ಲಿ 14 ಕಿಲೋಮೀಟರ್ ವಾಪಸ್ ಬರಬೇಕು. ಮರುದಿನ ಚಹಾ ಕುಡಿಯುತ್ತ ಕಿಟಕಿಯಲ್ಲಿ ನಿಂತವಳು “ಈ ಬ್ಯಾಸಗ್ಯಾಗ ಇಷ್ಟು ನೀರು ಎಲ್ಲಿಂದ ಬರ್ತಾವ?” ಅಂದಳು. ಆಂಧ್ರಾ ಹೊಳೆಯ ಕಥೆ ಪೂರಾ ಹೇಳಿದೆ, ಖುಷಿಯಾಗುತ್ತಾಳೆ ಅಂತ. ಕಪ್ಪು ಕೆಳಗಿಟ್ಟು ಬಹಳ ಹೊತ್ತು ಹೊಳೆ ನೋಡಿದಳು. ಏನೂ ಅನ್ನಲಿಲ್ಲ. ಮಾರಿ ಬಾ ಅಂತಲೂ ಅನ್ನಲಿಲ್ಲ.

ಈ ಏಪ್ರಿಲ್‌ನಲ್ಲಿ ನಾನೇ ಫೋನು ಮಾಡಿದೆ. ಉಜನಿಯಿಂದ ಬಿಡುತ್ತಾರೆ ಅಂತ ಸುದ್ದಿ ಇತ್ತು.

“ಅವ್ವಾ, ನೀರು ಬಂತೇನು?”

“ಎಲ್ಲಿ ಬರ್ತಾವ?” ಅಂದಳು. “ನೀ ಅಲ್ಲಿ ಹಿಡಕೊಂಡು ಕುಂತೀಯಲ್ಲ.”