ಹೌದು, ಕೊಲೆಗಾರ ಬಂದರೆ ನಾನೂ ಸುಳ್ಳು ಹೇಳುತ್ತೇನೆ. ಆಯ್ತಾ?

ಉತ್ತರ ತಲೆಬರಹದಲ್ಲೇ ಇದೆ. ಅಷ್ಟಕ್ಕೇ ಬಂದವರು ಇಲ್ಲಿಂದಲೇ ಹೊರಡಬಹುದು, ನನಗೇನೂ ಬೇಜಾರಿಲ್ಲ.

ನಾನು ಡಿಗ್ರಿ ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡುತ್ತೇನೆ. ಅದು ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ಅದಕ್ಕೆ ಹುಡುಗರು ಸೇರ್ತಾರಾ?" ಎರಡನೆಯದು ಇದು: "ನಿಮ್ಮ ಕಾಂಟ್ ಪ್ರಕಾರ ಯಾವತ್ತೂ ಸುಳ್ಳು ಹೇಳಬಾರದಂತೆ. ಮನೆಯೊಳಗೆ ಸ್ನೇಹಿತ ಬಚ್ಚಿಟ್ಟುಕೊಂಡಿದ್ದಾನೆ, ಕೊಲೆಗಾರ ಮಚ್ಚು ಹಿಡಿದು ಬಂದು ಎಲ್ಲಿ ಅಂತ ಕೇಳ್ತಾನೆ. ನಿಜ ಹೇಳಿಬಿಡ್ತೀರಾ?" ಕೇಳುವವರ ಮುಖದಲ್ಲಿ ಒಂದು ನಗು ಇರುತ್ತದೆ. ಸಿಕ್ಕಿಬಿದ್ದೆ ಮಗನೇ ಅನ್ನುವ ಥರದ್ದು. "ನಿಮ್ಮ ಕಾಂಟ್" ಅಂತೆ. ಹದಿನೆಂಟನೇ ಶತಮಾನದ ಆ ಜರ್ಮನ್ ತತ್ವಜ್ಞಾನಿಯನ್ನು ನಾನೇನು ದತ್ತು ತಗೊಂಡಿದ್ದೀನಾ? ಮಚ್ಚು ಬೇರೆ. ಮೂಲದಲ್ಲಿ ಮಚ್ಚು ಇಲ್ಲ. ಅದನ್ನು ನಮ್ಮವರು ಸಿನಿಮಾದಿಂದ ತಂದು ಸೇರಿಸಿದ್ದಾರೆ.

ಮೂಲ ಕತೆ ಇಷ್ಟು. ಬೆಂಜಮಿನ್ ಕಾನ್‌ಸ್ಟಂಟ್ ಎಂಬ ಬರಹಗಾರ ಫ್ರಾನ್ಸಿನಲ್ಲಿ ಕೂತು, ಕೊಲೆಗಾರನಿಗೂ ಸುಳ್ಳು ಹೇಳಬಾರದು ಅನ್ನುವಷ್ಟು ದೂರ ಹೋದ ಒಬ್ಬ ಜರ್ಮನ್ ತತ್ವಜ್ಞಾನಿ ಇದ್ದಾನೆ ಅಂತ ಚುಚ್ಚಿದ. 1797ರಲ್ಲಿ, ತನ್ನ ಎಪ್ಪತ್ತಮೂರನೇ ವಯಸ್ಸಿನಲ್ಲಿ, ಇಮ್ಯಾನುಯೆಲ್ ಕಾಂಟ್ ಅದಕ್ಕೆ ಉತ್ತರ ಬರೆದ. ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು. ಇರಲಿಲ್ಲ. ಹೌದು, ಆಗಲೂ ಸುಳ್ಳು ತಪ್ಪೇ ಅಂದ. ಅವನು ಕೊಟ್ಟ ಒಂದು ಕಾರಣ ಹೀಗಿದೆ: ನೀನು "ಅವನು ಮನೇಲಿಲ್ಲ" ಅನ್ನುತ್ತೀಯ. ನಿನಗೆ ಗೊತ್ತಿಲ್ಲದ ಹಾಗೆ ಸ್ನೇಹಿತ ಆಗಲೇ ಆಚೆ ಜಾರಿಕೊಂಡಿರುತ್ತಾನೆ. ವಾಪಸ್ ಹೊರಟ ಕೊಲೆಗಾರನ ಕೈಗೆ ಬೀದಿಯಲ್ಲಿ ಸಿಗುತ್ತಾನೆ. ಆ ಸಾವಿನ ಹೊಣೆ ನಿನ್ನ ಸುಳ್ಳಿನ ಮೇಲೂ ಬೀಳುತ್ತದೆ.

ಇದು ಬಡಕಲು ವಾದ. ಇದರ ಪರ ವಕಾಲತ್ತು ವಹಿಸುವ ಪಂಡಿತರು ಇದ್ದಾರೆ, ನನ್ನಿಂದ ಆಗಲ್ಲ. ಕರ್ಣಪರ್ವದಲ್ಲಿ ಕೃಷ್ಣ ಹೇಳುವ ಕೌಶಿಕನ ಕತೆಯನ್ನು ಯಾರಾದರೂ ಎತ್ತಿದರೆ ಅದಕ್ಕೂ ತಲೆಯಾಡಿಸುತ್ತೇನೆ. ಸತ್ಯವ್ರತ ಅಂತ ಹೇಳಿಕೊಂಡು, ಅಡಗಿದ್ದ ಜನರನ್ನು ಕಳ್ಳರಿಗೆ ತೋರಿಸಿಕೊಟ್ಟು ನರಕಕ್ಕೆ ಹೋದವನು. ಸರಿಯಾಗೇ ಆಯ್ತು.

ಆದರೆ ನನಗೆ ರೇಗುವುದು ಬೇರೆ ಕಾರಣಕ್ಕೆ. ಹಾಸನದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಹೆಂಡತಿಯ ಚಿಕ್ಕಪ್ಪ. ಎಲೆಗೆ ಹೋಳಿಗೆ ಬಂದಿತ್ತು, ತುಪ್ಪದವನು ಇನ್ನೂ ಬಂದಿರಲಿಲ್ಲ. "ಅಳಿಯಂದ್ರೇ, ಒಂದು ಡೌಟು" ಅಂತ ಶುರು ಮಾಡಿದರು. ಕೊಲೆಗಾರ ಬಾಗಿಲ ತನಕ ಬಂದಿದ್ದ, ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಅವರು ಮನೆಯ ಮೇಲೆ ಇನ್ನೊಂದು ಮಹಡಿ ಕಟ್ಟಿಸುತ್ತಿದ್ದರು. ಮೇಸ್ತ್ರಿ. ಶನಿವಾರ, ಬಟವಾಡೆ ದಿನ. ಮೂರು ಜನ ಆಳುಗಳನ್ನು ಕೂರಿಸಿಕೊಂಡು ಕಾಯುತ್ತಿದ್ದಾನೆ.

"ಬ್ಯಾಂಕಲ್ಲೇ ನಿಂತಿದ್ದೀನಿ ಕಣಯ್ಯಾ. ಸರ್ವರ್ ಡೌನಂತೆ. ಸಾಯಂಕಾಲ ಬಂದುಬಿಡ್ತೀನಿ."

ಹಿಂದೆ ವಾಲಗ ಜೋರಾಗಿ ಊದುತ್ತಿದ್ದರು. ಅಲ್ಲದೆ ಅವತ್ತು ಎರಡನೇ ಶನಿವಾರ. ಫೋನನ್ನು ಮಗುಚಿ ಎಲೆಯ ಪಕ್ಕ ಇಟ್ಟು, ಬೆರಳನ್ನು ಪಂಚೆಗೆ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಹ್ಞಾಂ, ಕೊಲೆಗಾರ ಬಂದ ಅನ್ಕೊಳ್ಳಿ."

ನೋಡಿ, ನನ್ನ ಬಾಗಿಲಿಗೆ ಇವತ್ತಿನ ತನಕ ಒಬ್ಬ ಕೊಲೆಗಾರನೂ ಬಂದಿಲ್ಲ. ಚೀಟಿಯವನು ಬಂದಿದ್ದಾನೆ, ಹಾಲಿನವನು ಬಂದಿದ್ದಾನೆ, ಮಾರ್ಕ್ಸ್ ಜಾಸ್ತಿ ಕೇಳಿಕೊಂಡು ಹುಡುಗರ ಅಪ್ಪಂದಿರು ಬಂದಿದ್ದಾರೆ. ಕಾಂಟ್ ಜಾಸ್ತಿ ತಲೆಕೆಡಿಸಿಕೊಂಡಿದ್ದೂ ಇಂಥವರ ಬಗ್ಗೆಯೇ. 1785ರ ಅವನ ಪುಸ್ತಕದಲ್ಲಿ ಕೊಲೆಗಾರ ಇಲ್ಲ. ಸಾಲ ಕೇಳುವವನಿದ್ದಾನೆ. ತೀರಿಸಲು ಆಗಲ್ಲ ಅಂತ ಗೊತ್ತಿದ್ದೂ "ಖಂಡಿತ ಕೊಡ್ತೀನಿ" ಅನ್ನುತ್ತಾನೆ. ಕಷ್ಟದಲ್ಲಿರುವವರೆಲ್ಲ ಹೀಗೇ ಮಾಡಲಿ ಅಂತ ಅವನು ನಿಜವಾಗಿ ಬಯಸಬಲ್ಲನೇ? ಎಲ್ಲರೂ ಹಾಗೆ ಮಾಡಿದರೆ ಮಾತು ಕೊಡುವುದಕ್ಕೇ ಅರ್ಥ ಇರಲ್ಲ, ಕೇಳಿದವರು ನಗುತ್ತಾರೆ. ಅಂದರೆ ಅವನ ಸುಳ್ಳು ನಡೆಯಬೇಕಾದರೆ ಉಳಿದವರು ನಿಜ ಹೇಳುತ್ತಿರಬೇಕು. ನಿಯಮ ಇರಲಿ, ನನಗೊಬ್ಬನಿಗೆ ಬಿಟ್ಟು. ಕಾಂಟ್ ಹಿಡಿದ ಕಳ್ಳ ಇವನೇ.

ಈಗ ಮೇಸ್ತ್ರಿಯ ಕಡೆಯಿಂದ ನೋಡಿ. "ಈ ವಾರ ದುಡ್ಡಿಲ್ಲ ಕಣಯ್ಯಾ" ಅಂದಿದ್ದರೆ ಅವನು ಜಗಳ ಆಡಬಹುದಿತ್ತು. ಬೇರೆ ಕಡೆ ಕೈಸಾಲ ಮಾಡಿ ಆಳುಗಳನ್ನು ಕಳಿಸಬಹುದಿತ್ತು. ಸೋಮವಾರದಿಂದ ಕೆಲಸಕ್ಕೆ ಬರಲ್ಲ ಅನ್ನಬಹುದಿತ್ತು. ಯೋಚನೆ ಮಾಡಿ ತೀರ್ಮಾನ ತಗೊಳ್ಳುವ ತಲೆ ಅವನಿಗೂ ಇದೆಯಲ್ಲ. ಆ ಸುಳ್ಳು ಅವನ ಪರವಾಗಿ ತೀರ್ಮಾನ ತಗೊಂಡುಬಿಟ್ಟಿತು: ನೀನು ಸಾಯಂಕಾಲದ ತನಕ ಮರಳಿನ ಗುಡ್ಡೆ ಮೇಲೆ ಕೂತಿರು ಅಂತ. ಯಾರನ್ನೂ ಬರೀ ಸಾಧನವಾಗಿ ಬಳಸಬೇಡ ಅಂತ ಕಾಂಟ್ ಹೇಳಿದ್ದು ಇದಕ್ಕೇ. "ಬರೀ" ಅನ್ನುವ ಮಾತು ಮುಖ್ಯ. ಮೇಸ್ತ್ರಿಯಿಂದ ಮನೆ ಕಟ್ಟಿಸಿಕೊಳ್ಳುವುದು ತಪ್ಪಲ್ಲ. ಅವನಿಗೆ ತಲೆ ಇದೆ ಅನ್ನೋದನ್ನೇ ಮರೆಯುವುದು ತಪ್ಪು.

ಕರ್ತವ್ಯ ಅನ್ನುವ ನಮ್ಮ ಪದವೂ ಪಾಠ ಕೆಡಿಸುತ್ತದೆ. ಕೇಳಿದ ಕೂಡಲೇ ಆಫೀಸಿನ ವಾಸನೆ. ಕರ್ತವ್ಯಕ್ಕೆ ಹಾಜರು, ಕರ್ತವ್ಯಲೋಪ, ಅಮಾನತು. ಮೇಲಿನವರು ಹೇಳಿದ್ದು, ಕೆಳಗಿನವರು ಮಾಡಿದ್ದು. ಕಾಂಟ್ ಹೇಳಿದ್ದು ತದ್ವಿರುದ್ಧ: ನೀನೇ ಯೋಚಿಸಿ, ಎಲ್ಲರಿಗೂ ಒಪ್ಪುವಂಥ ನಿಯಮವನ್ನು ನೀನೇ ನಿನಗೆ ಹಾಕಿಕೋ. ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ಐಕ್‌ಮನ್, 1961ರಲ್ಲಿ ಜೆರುಸಲೇಮಿನ ಕೋರ್ಟಿನಲ್ಲಿ ನಿಂತು, ತಾನು ಕಾಂಟ್ ಹೇಳಿದ ಕರ್ತವ್ಯದಂತೆ ಬಾಳಲು ಯತ್ನಿಸಿದವನು ಅಂದ. ಆಫೀಸಿನ ಕರ್ತವ್ಯವನ್ನೇ ಕಾಂಟ್ ಅಂದುಕೊಂಡರೆ ಎಲ್ಲಿಗೆ ಹೋಗಿ ಮುಟ್ಟಬಹುದು ನೋಡಿ.

ಇಷ್ಟು ಬರೆದ ಮೇಲೆ ನಾನು ಕಾಂಟ್ ಭಕ್ತ ಅನ್ನಿಸಿರಬಹುದು. ಅಲ್ಲ. ಅವನನ್ನು ಕಟಕಟೆಗೆ ಎಳೆಯಲೇಬೇಕು ಅಂತಿದ್ದರೆ ಕೊಲೆಗಾರನನ್ನು ಬಿಡಿ. ನಿಜವಾಗಿ ಅವನ ಬಾಗಿಲು ತಟ್ಟಿದವರು ಯಾರಾದರೂ ಇದ್ದರಾ, ಅವರಿಗೆ ಅವನೇನು ಮಾಡಿದ ಅಂತ ಕೇಳಿ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ಇದ್ದಳು. ಆಸ್ಟ್ರಿಯಾದ ಕ್ಲಾಗನ್‌ಫುರ್ಟಿನ ಮರಿಯಾ ಫಾನ್ ಹೆರ್ಬರ್ಟ್. 1791ರಲ್ಲಿ ಅವಳು ದೂರದ ಕೊನಿಗ್ಸ್‌ಬರ್ಗಿಗೆ, ಪರಿಚಯವೇ ಇಲ್ಲದ ಕಾಂಟ್‌ಗೆ ಕಾಗದ ಬರೆದಳು. ಭಕ್ತರು ದೇವರನ್ನು ಕರೆಯುವ ಹಾಗೆ ನಿಮ್ಮನ್ನು ಕರೆಯುತ್ತಿದ್ದೇನೆ ಅಂತ ಶುರು. ಅವಳು ಒಬ್ಬನನ್ನು ಪ್ರೀತಿಸಿದ್ದಳು. ಹಿಂದಿನ ಒಂದು ಪ್ರೀತಿಯನ್ನು ಅವನಿಂದ ಮುಚ್ಚಿಟ್ಟಿದ್ದಳು. ಕೊನೆಗೆ ತಡೆಯಲಾರದೆ ನಿಜ ಹೇಳಿದಳು. ಅವನ ಪ್ರೀತಿ ತಣ್ಣಗಾಯಿತು. ಸಾಯೋಣ ಅನ್ನಿಸುತ್ತಿದೆ, ನಿಮ್ಮ ಪುಸ್ತಕಗಳು ತಡೆಯುತ್ತಿವೆ, ಏನು ಮಾಡಲಿ?

ಕಾಂಟ್ 1792ರಲ್ಲಿ ದೀರ್ಘವಾಗಿಯೇ ಉತ್ತರಿಸಿದ. ಮನಸ್ಸಿನಲ್ಲಿರುವುದನ್ನೆಲ್ಲ ಹೇಳಬೇಕೆಂದಿಲ್ಲ, ಹೇಳಿದ್ದು ಮಾತ್ರ ನಿಜವಾಗಿರಬೇಕು ಎಂದ. ಅವನ ಪ್ರೀತಿ ಯೋಗ್ಯವಾದದ್ದಾಗಿದ್ದರೆ ಮರಳಿ ಬರುತ್ತದೆ, ಇಲ್ಲದಿದ್ದರೆ ಹೇಗೂ ಉಳಿಯುತ್ತಿರಲಿಲ್ಲ ಎಂದ. ಮಾತೇನೋ ಸರಿಯಾಗೇ ಇದೆ. ಓದಿದಾಗಲೆಲ್ಲ ನನಗೆ ಚಳಿಯಾಗುತ್ತದೆ.

1793ರಲ್ಲಿ ಅವಳು ಮತ್ತೆ ಬರೆದಳು. ಈಗ ಯಾವ ಆಸೆಯೂ ಉಳಿದಿಲ್ಲ. ಏನೂ ಬೇಡವಾದವಳಿಗೆ ಧರ್ಮದಂತೆ ನಡೆಯುವುದು ತೀರಾ ಸುಲಭವಾಗಿಬಿಟ್ಟಿದೆ. ಮುಂದೇನು? ನನ್ನ ಪಾಲಿಗೆ ಕಾಂಟ್ ಎದುರಿಸಿದ ಅತಿ ಕಷ್ಟದ ಪ್ರಶ್ನೆ ಇದು, ಕೊಲೆಗಾರನದ್ದಲ್ಲ. ಆಸೆಗೆ ಸೊಪ್ಪು ಹಾಕದೆ ಸರಿಯಾದದ್ದನ್ನು ಮಾಡು ಅಂದವನಿಗೆ, ಆಸೆಯೇ ಸತ್ತುಹೋದವಳು ಕೇಳುತ್ತಿದ್ದಾಳೆ. ಅವನು ಉತ್ತರ ಬರೆಯಲಿಲ್ಲ. ಅವಳ ಕಾಗದಗಳನ್ನು ಕಟ್ಟಿ ಸ್ನೇಹಿತನ ಮಗಳು ಎಲಿಜಬೆತ್ ಮದರ್‌ಬಿಗೆ ಕಳಿಸಿಕೊಟ್ಟ. ಭಾವನೆಯ ಬೆನ್ನು ಹತ್ತಿದರೆ ಹೀಗಾಗುತ್ತದೆ ಅನ್ನುವುದಕ್ಕೆ ಎಚ್ಚರಿಕೆಯಾಗಿ. ಮರಿಯಾ 1803ರಲ್ಲಿ ತನ್ನ ಜೀವ ತಾನೇ ತೆಗೆದುಕೊಂಡಳು.

ಯಾರನ್ನೂ ಬರೀ ಸಾಧನವಾಗಿ ಬಳಸಬೇಡ ಅಂದಿದ್ದವನ ಕೈಯಲ್ಲಿ ಅವಳು ಬರೀ ಉದಾಹರಣೆಯಾದಳು. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಒಬ್ಬ ಹುಡುಗಿ, "ಸರ್, ನೀವೂ ಅವಳನ್ನ ಉದಾಹರಣೆಗೇ ತಗೊಂಡಿದ್ದೀರಲ್ಲ" ಅಂದಳು. ಬೆಲ್ ಹೊಡೆಯಿತು, ಬಚಾವಾದೆ.

ಅಂದ ಹಾಗೆ, ಈ ಮದುವೆ ಊಟದ ಕತೆ ಬರೆಯಲು ನಾನು ಚಿಕ್ಕ ಮಾವನವರ ಒಪ್ಪಿಗೆ ಕೇಳಿಲ್ಲ. ಮೊನ್ನೆ ಅವರೇ ಫೋನ್ ಮಾಡಿದ್ದರು. ಹೆಂಡತಿ ಫೋನನ್ನು ನನ್ನ ಕಡೆ ಚಾಚಿದಳು. ನಾನು ಕೈಯಾಡಿಸಿದೆ. "ಕ್ಲಾಸಲ್ಲಿದ್ದಾರೆ ಚಿಕ್ಕಪ್ಪಾ" ಅಂದಳು.

ಭಾನುವಾರ.